ಗೆಸ್ಟ್ ಟೀಮ್‌ಗೆ ಊಟ ಹಾಕೋರು ಯಾರು?

ಫೋಟೋ ನೋಡಿ ಇದು ಕ್ರಿಕೆಟ್ ಪೋಸ್ಟ್ ಅಂದ್ಕೋಬೇಡಿ. ಬೌಂಡರಿ ಆಚೆ ಹೊಂಗೆ ಮರದ ಕೆಳಗೆ, ನಮಗೆ ಬೆನ್ನು ಹಾಕಿ ಕಿಟ್ ಬ್ಯಾಗ್ ಮೇಲೆ ಕೂತಿರೋ ಹುಡುಗ್ರನ್ನ ಝೂಮ್ ಮಾಡಿ. ಹನೂರು ಆಚೆ ಬೆಟ್ಟದ ಕಡೆಯಿಂದ ಬೆಳಗಿನ ಜಾವ ಎದ್ದು ಗೂಡ್ಸ್ ಆಟೋದಲ್ಲಿ ಬಂದೋರು. ಎಂಟೂವರೆಗೆ ಮ್ಯಾಚ್, ಒಂಬತ್ತೂಕಾಲಿಗೆ ಔಟ್. ಆಟೋದವನು ಸಂಜೆಗೆ ಬರ್ತೀನಿ ಅಂದಿದ್ದನಂತೆ, ಹಾಗಾಗಿ ಕೂತೇ ಇದ್ರು. ಆ ಟೂರ್ನಮೆಂಟ್ ಮಾಡಿದ ಹುಡುಗ್ರಲ್ಲಿ ನಾನೂ ಒಬ್ಬ. "ಸೋತ ತಂಡದವರು ದಯವಿಟ್ಟು ಪಿಚ್ ಖಾಲಿ ಮಾಡಿ" ಅಂತ ಮೈಕಲ್ಲಿ ಕೂಗಿದ್ದು ನಾನೇ.

ಇದು ಯಾಕೆ ಈಗ ನೆನಪಾಯ್ತು ಅಂದ್ರೆ, ಕರ್ಲಿಂಗ್. ನಗಬೇಡಿ. ವಿಂಟರ್ ಒಲಿಂಪಿಕ್ಸ್ ರೀಲ್ಸಲ್ಲಿ ಐಸ್ ಮೇಲೆ ಕಲ್ಲು ಜಾರಿಸಿ, ಮುಂದೆ ಇಬ್ರು ಪೊರಕೆ ಹಿಡ್ಕೊಂಡು ಉಜ್ಜುತಾರಲ್ಲ, ಅದೇ. ನಾನೂ ಮೊದಲು ಮೀಮ್ ಹಾಕಿದ್ದೆ. ಕಲ್ಲು ಹೆಚ್ಚುಕಮ್ಮಿ 20 ಕೆಜಿ, ಗ್ರಾನೈಟ್. ತಂಡಕ್ಕೆ ನಾಲ್ಕು ಜನ. ಉಜ್ಜಿದ್ರೆ ಕಲ್ಲು ಇನ್ನೂ ಸ್ವಲ್ಪ ದೂರ, ಸ್ವಲ್ಪ ನೇರ ಹೋಗುತ್ತೆ.

ಆದ್ರೆ ನನ್ನ ತಲೆಗೆ ಹೊಕ್ಕಿದ್ದು ಆಟ ಅಲ್ಲ, ಅವರ ಟೂರ್. 1902ರ ಕೊನೇಲಿ ಸ್ಕಾಟ್ಲೆಂಡಿಂದ ಒಂದು ತಂಡ ಹಡಗು ಹತ್ತಿ ಕೆನಡಾಗೆ ಹೋಯ್ತು. ಕ್ಯಾಪ್ಟನ್ ಜಾನ್ ಕೆರ್ ಅಂತ, ಚರ್ಚ್ ಪಾದ್ರಿ. ಊರೂರು ಸುತ್ತಿ ಆಡಿದ್ರು, ಆಮೇಲೆ ಆ ಟೂರ್ ಬಗ್ಗೇನೇ ಆತ ದಪ್ಪ ಪುಸ್ತಕ ಬರೆದ. ಅಲ್ಲಿಂದ ಶುರುವಾದ ಸ್ಟ್ರಾತ್‌ಕೋನಾ ಕಪ್‌ಗೆ ಇವತ್ತಿಗೂ ಒಂದ್ಸಲ ಇವರು ಅಲ್ಲಿಗೆ, ಇನ್ನೊಂದ್ಸಲ ಅವರು ಇಲ್ಲಿಗೆ ಹೋಗಿ ಆಡ್ತಾರೆ. ಗೆಲುವಿನ ಲೆಕ್ಕ ಕೇಳಿ, ಬಿಕಾಂನೋರಿಗೆ ಬೇಗ ಅರ್ಥ ಆಗುತ್ತೆ: ಎಷ್ಟು ಮ್ಯಾಚ್ ಗೆದ್ರಿ ಅಂತಲ್ಲ, ಇಡೀ ಟೂರಲ್ಲಿ ಗಳಿಸಿದ ಪಾಯಿಂಟ್ಸ್ ಎಲ್ಲಾ ಕೂಡಿ ಟೋಟಲ್. ಇವತ್ತು ಸೋತ ತಂಡದ ಪಾಯಿಂಟೂ ಲೆಡ್ಜರಲ್ಲಿ ಇರುತ್ತೆ. ಯಾರೂ ಒಂಬತ್ತೂಕಾಲಿಗೆ ಮನೆಗೆ ಹೋಗಲ್ಲ.

ಇನ್ನೊಂದಿದೆ. ಕರ್ಲಿಂಗಲ್ಲಿ ಆಟಕ್ಕೆ ಮುಂಚೆ, ಆಟ ಆದ್ಮೇಲೆ ಕೈ ಕುಲುಕಬೇಕು. ತಪ್ಪಿ ಕಲ್ಲಿಗೆ ಪೊರಕೆ ತಾಗಿದ್ರೆ ತಾನೇ ಹೇಳ್ಕೋಬೇಕು, ಅಂಪೈರ್ ನೋಡ್ಲಿ ಅಂತ ಕಾಯೋ ಹಾಗಿಲ್ಲ. (ನಮ್ಮಲ್ಲಿ ಎಡ್ಜ್ ಆಗಿದ್ರೂ "ಪ್ಯಾಡ್ ಕಣ್ಲಾ" ಅನ್ನೋರು ಎಷ್ಟು ಜನ ಇದೀರಿ, ಗೊತ್ತು.) ಆಟ ಮುಗಿದ್ಮೇಲೆ ಎರಡೂ ತಂಡ ಒಂದೇ ಟೇಬಲ್‌ಗೆ ಕೂರ್ತಾವೆ. ಗೆದ್ದೋರು ಸೋತೋರಿಗೆ ಕುಡಿಯೋಕೆ ಕೊಡಿಸೋದು ಹಳೇ ಪದ್ಧತಿ.

ನಮ್ಮ ಕೊಳ್ಳೇಗಾಲ, ಯಳಂದೂರು ಕಡೆ ಟೂರ್ನಮೆಂಟಲ್ಲಿ ಶಾಲು, ಹಾರ ಎಲ್ಲಾ ಸ್ಟೇಜ್ ಮೇಲೆ ಕೂತೋರಿಗೆ. ಭಾಷಣ ಮುಗಿಯೋ ತನಕ ಹೊರಗಿಂದ ಬಂದ ತಂಡ ಬಿಸಿಲಲ್ಲಿ. 16 ಟೀಮ್ ನಾಕೌಟ್ ಅಂದ್ರೆ ಎಂಟು ಟೀಮ್ ಎಂಟ್ರಿ ಫೀಸ್ ಕಟ್ಟಿ ಒಂದೇ ಮ್ಯಾಚ್ ಆಡಿ ಹೊರಡ್ತವೆ. ಅವರ ದುಡ್ಡಲ್ಲೇ ಗೆದ್ದೋರಿಗೆ ಪ್ರೈಜ್. ನಾವು ಅತಿಥಿ ಕರೀತಿದೀವಾ, ಚೀಟಿ ನಡೆಸ್ತಿದೀವಾ?

"ಪ್ರೈಜ್ ಇಲ್ದೆ ಯಾವನ್ ಬತ್ತಾನ್ಲಾ?" ಅಂತ ನಮ್ಮ ಗ್ಯಾಂಗಲ್ಲೇ ಕೇಳಿದ್ರು. ಸರಿ, ಪ್ರೈಜ್ ತೆಗೀರಿ ಅಂತ ನಾನು ಹೇಳ್ತಿಲ್ಲ. ವರ್ಷಕ್ಕೆ ಒಂದೇ ಒಂದು ದಿನ ಪ್ರೈಜ್ ಇಲ್ಲದ ಫ್ರೆಂಡ್ಲಿ ಇಡೋಣ ಅಂತಿದೀನಿ. ಯಾರ ಜೊತೆ ಅಂತಾನೂ ಯೋಚನೆ ಮಾಡಿದೀನಿ. ಒಡೆಯರಪಾಳ್ಯದ ಟಿಬೆಟನ್ ಹುಡುಗ್ರ ಜೊತೆ. ಫುಟ್ಬಾಲ್.

ಅವರು ನಮ್ಮ ಹನೂರು ತಾಲ್ಲೂಕಲ್ಲಿ ಇದ್ದು ಸುಮಾರು ಐವತ್ತು ವರ್ಷ ಆಯ್ತು. ಜೋಳ ಬೆಳೀತಾರೆ, ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಊರೂರಿಗೆ ಹೋಗ್ತಾರೆ. ನಾವು ಅಲ್ಲಿಗೆ ಹೋಗೋದು ಮಾತ್ರ ಮಾನೆಸ್ಟ್ರಿ ಮುಂದೆ ರೀಲ್ಸ್ ಮಾಡೋಕೆ, ಮೊಮೊ ತಿನ್ನೋಕೆ. ಹೋದ ವರ್ಷ ನಾನೂ ಹೋಗಿದ್ದೆ. ಬೈಕ್ ನಿಲ್ಲಿಸ್ತಿದ್ದಾಗ ಬಾಲ್ ಹಿಡ್ಕೊಂಡಿದ್ದ ಒಬ್ಬ ಹುಡುಗ ಅಪ್ಪಟ ನಮ್ಮೂರ ಕನ್ನಡದಲ್ಲೇ ಕೇಳ್ದ, "ಆಟಕ್ ಬಂದ್ರಾ ಅಣ್ಣ, ಫೋಟೋಗ್ ಬಂದ್ರಾ?" "ಫೋಟೋಗೆ" ಅಂದೆ. ತಲೆ ಆಡಿಸಿ ಹೋದ. ಆ ಫೋಟೋಗೆ ಬಂದಷ್ಟು ಲೈಕ್ ನನಗೆ ಇನ್ಯಾವುದಕ್ಕೂ ಬಂದಿಲ್ಲ, ಅದು ಬೇರೆ ವಿಷಯ.

ಆಮೇಲೆ ಓದಿದೆ: ಟಿಬೆಟ್ ಹೆಸರಲ್ಲಿ ಒಂದು ಫುಟ್ಬಾಲ್ ತಂಡ ಇದೆ. ಫಿಫಾ ಸದಸ್ಯತ್ವ ಇಲ್ಲ, ಹಾಗಾಗಿ ಫಿಫಾ ವಿಶ್ವಕಪ್ಪಿನ ಅರ್ಹತಾ ಪಂದ್ಯಕ್ಕೂ ದಾರಿ ಇಲ್ಲ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ಜೊತೆ ಆಡಿ 4–1ರಲ್ಲಿ ಸೋತ್ರು. ಆ ಮ್ಯಾಚ್ ನಡೀಬಾರ್ದು ಅಂತ ಚೀನಾ ಒತ್ತಡ ಹಾಕಿತ್ತು, ಆದ್ರೂ ಆಡಿದ್ರು. ನಮಗೆ ಫ್ರೆಂಡ್ಲಿ ಅಂದ್ರೆ ಟೈಂಪಾಸ್. ಅವರ ತಂಡಕ್ಕೆ ಯಾರಾದ್ರೂ "ಬನ್ನಿ, ಆಡೋಣ" ಅಂತ ಕರೆದ್ರೇನೇ ಮ್ಯಾಚು.

ನಾವು ಕರೆದ್ರೆ ಏನು ಬೇಕು? ಸೆಮ್ ಎಕ್ಸಾಮ್ ಮುಗಿದ ಮೇಲೆ ಒಂದು ಭಾನುವಾರ. ಒಂದು ಮೈದಾನ. ಎರಡು ಟೀಮ್ ಅಂತ ಆಡಿ, ಹಾಫ್ ಟೈಮ್ ಆದ್ಮೇಲೆ ಹುಡುಗ್ರನ್ನ ಬೆರೆಸಿ ಆಡೋದು. ಮುದ್ದೆ, ಹುರುಳಿಕಾಳು ಸಾರು, ಅನ್ನ, ಮಜ್ಜಿಗೆ. ಮೂವತ್ತು ಜನಕ್ಕೆ ಲೆಕ್ಕ ಹಾಕಿದೀನಿ, ಹೋದ ಸಲ ಬಾಡಿಗೆಗೆ ತಂದ ಸೌಂಡ್ ಸಿಸ್ಟಮ್ ಖರ್ಚಿಗಿಂತ ಕಮ್ಮೀನೇ ಬರುತ್ತೆ. ಫೋಟೋದಲ್ಲಿರೋ ಆ ಕ್ರಿಕೆಟ್ ಹುಡುಗ್ರ ನಂಬರೂ ಹುಡುಕ್ತಿದೀನಿ. ಅವರಿಗೆ ಫುಟ್ಬಾಲ್ ಬರದಿದ್ರೂ ಪರ್ವಾಗಿಲ್ಲ, ಊಟಕ್ಕಾದ್ರೂ ಬರ್ಲಿ.

ಬರೋರು ಮೆಸೇಜ್ ಮಾಡಿ. ಸ್ಟೇಜ್ ಇಲ್ಲ, ಮೈಕ್ ಇಲ್ಲ. ಸೋತೋರು ಮೊದಲು ಪಂಕ್ತಿಗೆ ಕೂರೋದು, ಗೆದ್ದೋರು ಬಡಿಸೋದು. ನಾವು ಗೆದ್ರೆ ಸಾರಿನ ಬಕೆಟ್ ನಂದು.