ಅಪ್ಪನ ವಾಚನ್ನು ಉಜ್ಜುವ ಮುನ್ನ



ಬೀರುವಿನ ಒಳಖಾನೆಯಲ್ಲಿ ಹಳೆಯ ಎಚ್‌ಎಂಟಿ ವಾಚು ಸಿಕ್ಕಿದರೆ ನಾವು ಮೊದಲು ಕೀಲಿ ಕೊಟ್ಟು ಕಿವಿಗೆ ಹಿಡಿಯುತ್ತೇವೆ. ಆಮೇಲೆ ಅದರ ಮೈಮೇಲಿನ ಗೀರುಗಳು ಕಣ್ಣಿಗೆ ಬಿದ್ದು, ಕೈ ಟೂತ್‌ಪೇಸ್ಟಿನ ಕಡೆಗೋ ಬ್ರಾಸೋ ಡಬ್ಬಿಯ ಕಡೆಗೋ ಹೋಗುತ್ತದೆ. ಅಲ್ಲಿ ಸ್ವಲ್ಪ ತಡೆಯಿರಿ ಎಂಬುದೇ ನನ್ನ ಕೋರಿಕೆ.

ಮೊದಲು ವಾಚನ್ನು ಬೋರಲು ಹಾಕಿ ಹಿಂಬದಿಯನ್ನು ಓದಿ. 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದು ಕೆತ್ತಿದ್ದರೆ ಉಕ್ಕಿನದು ಹಿಂದಿನ ಮುಚ್ಚಳ ಎಂದಷ್ಟೇ ಖಾತ್ರಿ. ಮುಂದಿನ ಕೇಸು ಬಹುಪಾಲು ಹಿತ್ತಾಳೆಯದು, ಮೇಲೆ ತೆಳುವಾದ ಕ್ರೋಮ್ ಲೇಪ. ಎಚ್‌ಎಂಟಿಯ ಅಗ್ಗದ ಮಾದರಿಗಳಲ್ಲಿ ಇಂಥವು ಬಹಳ. ಇದನ್ನು ಉಜ್ಜಿದರೆ ಗೀರಿನ ಜೊತೆಗೆ ಲೇಪವೂ ಹೋಗಿ ಒಳಗಿನ ಹಳದಿ ಇಣುಕುತ್ತದೆ. ಮನೆಯಲ್ಲಿ ಅದಕ್ಕೆ ಪರಿಹಾರವಿಲ್ಲ. ಅಂಚುಗಳಲ್ಲಿ ಈಗಾಗಲೇ ಹಳದಿ ಕಾಣುತ್ತಿದ್ದರಂತೂ ಮುಟ್ಟಲೇಬೇಡಿ.

ಕೇಸು ಪೂರ್ತಿ ಉಕ್ಕಿನದೆಂದು ಖಚಿತವಾದರೆ ಧೈರ್ಯ ಮಾಡಬಹುದು. ಆದರೂ ಒಂದು ಮಾತು ನೆನಪಿರಲಿ: ಗೀರನ್ನು ಯಾರೂ ಅಳಿಸಲಾರರು. ಅದರ ಸುತ್ತಲಿನ ಲೋಹವನ್ನು ಗೀರಿನ ಆಳದವರೆಗೆ ಸವೆಸುತ್ತೇವೆ, ಅಷ್ಟೆ. ಹೀಗಾಗಿ ಉಗುರಿನಿಂದ ಅಡ್ಡಲಾಗಿ ಎಳೆದಾಗ ಸಿಕ್ಕಿಕೊಳ್ಳುವ ಗೀರು ನಿಮ್ಮ ಪಾಲಿನದಲ್ಲ. ಉಗುರಿಗೆ ಸಿಗದ, ಬೆಳಕಿಗೆ ಹಿಡಿದಾಗ ಮಾತ್ರ ಕಾಣುವ ಕೂದಲೆಳೆಯಂಥವನ್ನಷ್ಟೇ ಮನೆಯಲ್ಲಿ ಮಸುಕಾಗಿಸಬಹುದು.

ಕನ್ನಡಿಯಂತೆ ಹೊಳೆಯುವ ಭಾಗಕ್ಕೆ ಹಳೆಯ ಬನಿಯನ್ ಬಟ್ಟೆಯ ತುಂಡಿಗೆ ಕಡಲೆಕಾಳಿನಷ್ಟು ಲೋಹದ ಪಾಲಿಶ್ ಹಚ್ಚಿ ಹಗುರವಾಗಿ ತಿಕ್ಕಿದರೆ ಸಾಕು. ಸಣ್ಣ ಸಣ್ಣ ಎಳೆಗಳು ಕಾಣುವ ಮಂದ ಭಾಗದ ಲೆಕ್ಕವೇ ಬೇರೆ. ಅಲ್ಲಿ ಪಾಲಿಶ್ ಹಾಕಿದರೆ ಎಳೆಗಳು ಅಳಿಸಿ ಎಣ್ಣೆ ಚೆಲ್ಲಿದಂತೆ ಒಂದು ಕಲೆ ಉಳಿಯುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಹಸಿರು ಪ್ಯಾಡಿನ ಹಳೆಯ, ಸವೆದ ತುಂಡು ಬೇಕು. ಎಳೆ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ನೇರವಾಗಿ ಎಳೆಯಿರಿ. ದುಂಡಗೆ ತಿರುಗಿಸಿದಿರೋ, ಕೆಟ್ಟಿತು. ಪಕ್ಕದ ಹೊಳಪಿನ ಭಾಗಕ್ಕೂ ಗಾಜಿಗೂ ಮೊದಲೇ ಅಂಟುಪಟ್ಟಿ ಹಚ್ಚಿಕೊಳ್ಳಿ. ಬೆಲ್ಟ್ ಅಥವಾ ಚೈನು ಬಿಚ್ಚಿದರೆ ಇನ್ನೂ ಒಳ್ಳೆಯದು.

ಟೂತ್‌ಪೇಸ್ಟಿಗೂ ಒಂದು ಜಾಗವಿದೆ: ಹಳೆಯ ವಾಚುಗಳ ಪ್ಲಾಸ್ಟಿಕ್ ಗಾಜು. ಅದರ ಸಣ್ಣ ಗೀರುಗಳು ಪೇಸ್ಟಿಗೆ ಮಣಿಯುತ್ತವೆ. ನಿಜವಾದ ಗಾಜಿನ ಮೇಲೆ ಅದರ ಆಟ ನಡೆಯದು. ಬ್ಲೀಚಿಂಗ್ ದ್ರವವನ್ನಂತೂ ಹತ್ತಿರ ತರಬೇಡಿ, ಅದರಲ್ಲಿರುವ ಕ್ಲೋರಿನ್ ಅಂಶ ಉಕ್ಕಿನ ರಕ್ಷಾಪದರವನ್ನೇ ಒಡೆದು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ನಲ್ಲಿಯ ಕೆಳಗೆ ಹಿಡಿಯುವುದೂ ಬೇಡ. ಹಳೆಯ ವಾಚಿನೊಳಕ್ಕೆ ಕೀಲಿಯ ಸಂದಿಯಿಂದ ನೀರು ಸುಲಭವಾಗಿ ಇಳಿಯುತ್ತದೆ.

ಅಂಗಡಿಯಲ್ಲಿ ಬಫಿಂಗ್ ಚಕ್ರಕ್ಕೆ ಕೊಟ್ಟು 'ಹೊಸದರಂತೆ ಮಾಡಿಕೊಡಿ' ಎನ್ನುವವರಿಗೂ ಒಂದು ಮಾತು. ಚಕ್ರ ಗೀರನ್ನು ತೆಗೆಯುತ್ತದೆ, ಜೊತೆಗೆ ಕೇಸಿನ ಚೂಪಾದ ಅಂಚುಗಳನ್ನೂ ಬೋಳಿಸಬಲ್ಲದು. ನನ್ನನ್ನು ಕೇಳಿದರೆ ಸಾಬೂನಿನಂತೆ ಜಾರುವ ಆ ವಾಚಿಗಿಂತ ನಾಲ್ಕು ಗೀರಿರುವುದೇ ಚೆಂದ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ತಯಾರಿಕೆ ಆಮೇಲೆ ತುಮಕೂರಿಗೂ ಹಬ್ಬಿತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ನಮ್ಮೂರುಗಳಲ್ಲೇ ತಯಾರಾಗಿ, ಎಷ್ಟೋ ಮನೆಗಳಲ್ಲಿ ಮದುವೆಗೂ ನೌಕರಿಗೂ ಉಡುಗೊರೆಯಾಗಿ ಬಂದ ಆ ಹಳೆಯ ವಾಚುಗಳ ಕೇಸಿಗೆ ಬದಲಿ ಹುಡುಕುವುದು ಈಗ ಕಷ್ಟ.

ಆದ್ದರಿಂದ ದಯವಿಟ್ಟು, ಕೇಸು ಉಕ್ಕಿನದೋ ಹಿತ್ತಾಳೆಯದೋ ತಿಳಿಯದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಕೀಲಿ ಕೊಟ್ಟು ಕೈಗೆ ಕಟ್ಟಿಕೊಳ್ಳಿ.