ಸರಕಾರಿ ಹುದ್ದೆಯ ಸಿದ್ಧತೆ ಮನೆಯಿಂದಲೇ ಆರಂಭವಾಗಲಿ

ಮಕ್ಕಳು ಸರಕಾರಿ ಹುದ್ದೆಯ ಹಂಬಲ ತೋರಿದೊಡನೆ ಹೊರನಾಡಿನ ಜೈನ ಕುಟುಂಬಗಳು ದುಬಾರಿ ಕೋಚಿಂಗ್ ಕೇಂದ್ರಗಳನ್ನು ಅರಸುತ್ತವೆ. ಆದರೆ ಆರಂಭಿಕರಿಗೆ ಮೊದಲು ಬೇಕಾದುದು ಪಠ್ಯಕ್ರಮದ ಪರಿಚಯ, ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ ಮತ್ತು ನಿತ್ಯದ ಪತ್ರಿಕಾ ವಾಚನ. ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಪ್ರಶ್ನೆಯ ಅಂಕದ ಮೂರರಲ್ಲೊಂದು ಭಾಗ ಕಡಿತವಾಗುವುದರಿಂದ ಬರಿಯ ಊಹೆ ನಷ್ಟಕ್ಕೆ ದಾರಿ.

ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಭಾರತೀಯ ಭಾಷಾ ಪತ್ರಿಕೆಯುಂಟು. ಅದರಲ್ಲಿ ಶೇ. 25ರಷ್ಟು ಅಂಕ ಬಾರದಿದ್ದರೆ ಉಳಿದೆಲ್ಲ ಶ್ರಮವೂ ವ್ಯರ್ಥ. ಅದಕ್ಕೆ ಕನ್ನಡವನ್ನು ಆಯ್ದುಕೊಳ್ಳಬಹುದು. ಆದರೆ ಮನೆಯಲ್ಲಿ ಕನ್ನಡವಾಡುವ ಎಷ್ಟು ಮಕ್ಕಳಿಗೆ ಅದನ್ನು ಬರೆಯಲು ಬರುತ್ತದೆ? ಮಾತು ಮನೆಯಿಂದ ಬಂದಿದೆ, ಅಕ್ಷರ ಬಂದಿಲ್ಲ.

ತನ್ನವರಲ್ಲಿ ಅಧಿಕಾರಿಗಳು ವಿರಳವೆಂದು ಕೊರಗುವ ಸಮಾಜವು ತನ್ನ ಭವನದ ಒಂದು ಕೋಣೆಯನ್ನು ವಾಚನಾಲಯಕ್ಕೆ ಬಿಟ್ಟುಕೊಡಲಿ. ವಾರಕ್ಕೊಮ್ಮೆಯಾದರೂ ಅಲ್ಲಿ ಮಕ್ಕಳಿಂದ ಕನ್ನಡದಲ್ಲಿ ಒಂದು ಪ್ರಬಂಧ ಬರೆಯಿಸಲಿ.