ಸೂರಿನೊಳಗಿನ ಕಲ್ನಾರನ್ನು ಗುರುತಿಸಬೇಕಾದವರು ಯಾರು?

ಪಾರಿಜಾತದ ತಮ್ಮಣ್ಣನ ಊರಾದ ಕುಲಗೋಡದಲ್ಲಿಯೂ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಗಳಲ್ಲಿಯೂ ಬೂದುಬಣ್ಣದ ಅಲೆಯಲೆಯಾದ ಹಾಳೆಯ ಸೂರುಗಳು ಸಾಮಾನ್ಯ ದೃಶ್ಯ. ಜನರ ಬಾಯಲ್ಲಿ ಅದು ಸಿಮೆಂಟ್ ಪತ್ರಾಸು. ಈ ಹೆಸರಿನಲ್ಲಿ ಸಿಮೆಂಟ್ ಇದೆಯೇ ಹೊರತು, ತೂಕದಲ್ಲಿ ನೂರಕ್ಕೆ ಸುಮಾರು 10 ಭಾಗ ಬೆರೆತಿರುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇಲ್ಲ.

2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ ಘಟಪ್ರಭೆ ಉಕ್ಕಿ ಹರಿದಾಗ ಮಣ್ಣಿನ ಗೋಡೆಗಳೊಡನೆ ಈ ಹಾಳೆಗಳೂ ನೆಲಕ್ಕುರುಳಿದವು. ಒಡೆದ ಚೂರುಗಳು ರಸ್ತೆಯ ಗುಂಡಿಗೂ ಕೊಟ್ಟಿಗೆಯ ನೆಲಕ್ಕೂ ತುಂಬುಮಣ್ಣಾಗುವುದು ನಮ್ಮಲ್ಲಿ ರೂಢಿ. ಅಖಂಡವಾಗಿರುವ ಹಾಳೆ ಎಳೆಗಳನ್ನು ಬಹುಮಟ್ಟಿಗೆ ಹಿಡಿದಿಟ್ಟುಕೊಂಡಿರುತ್ತದೆ. ಕೊಯ್ದಾಗ, ರಂಧ್ರ ಕೊರೆದಾಗ, ಪಾಚಿ ತೆಗೆಯಲು ಉಜ್ಜಿದಾಗ, ಗಾಲಿಗಳಡಿ ಪುಡಿಯಾದಾಗ ಅವು ಗಾಳಿಗೆ ಸೇರುತ್ತವೆ. ಕಣ್ಣಿಗೆ ಕಾಣದ ಆ ಎಳೆಗಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ತಲೆದೋರಲು 20ರಿಂದ 40 ವರ್ಷ ಹಿಡಿಯಬಹುದು. ಅಷ್ಟು ವಿಳಂಬವಾಗಿ ಬರುವ ರೋಗಕ್ಕೂ ಅಂದು ಹಾಳೆ ಕೊಯ್ದ ಕೆಲಸಕ್ಕೂ ನಂಟು ಕಲ್ಪಿಸುವವರು ಯಾರು?

ಹಾಗಾದರೆ ಗುರುತಿಸುವುದು ಹೇಗೆ? ಬರಿಗಣ್ಣಿನಿಂದ ನಿಶ್ಚಯವಾಗಿ ಸಾಧ್ಯವಿಲ್ಲ. ಮುರಿದ ಅಂಚಿನಲ್ಲಿ ನಾರಿನ ಕುಚ್ಚು ಕಾಣಿಸಬಹುದು. ಆದರೆ ಕಲ್ನಾರಿಲ್ಲದ ಹಾಳೆಯಲ್ಲಿಯೂ ಕಾಗದದ ತಿರುಳಿನ ಅಥವಾ ಕೃತಕ ನಾರಿನ ಎಳೆಗಳಿರುತ್ತವೆ. ಬೆಂಕಿಗೆ ಹಿಡಿದು ನೋಡುವ ಉಪಾಯ ವ್ಯರ್ಥ, ಸಿಮೆಂಟೂ ಉರಿಯುವುದಿಲ್ಲವಲ್ಲ! ನೋಡಲೆಂದು ಮುರಿಯುವುದಂತೂ ಸಲ್ಲದು. ಹಾಳೆಯ ಮೇಲೆ ಐಎಸ್ 459 ಎಂಬ ಮಾನಕ ಸಂಖ್ಯೆ ಇದ್ದರೆ ಅದು ಕಲ್ನಾರಿನದು. ಐಎಸ್ 14871 ಇದ್ದರೆ ಕಲ್ನಾರುರಹಿತ ನಾರಿನದು. ಅಚ್ಚು ಅಳಿಸಿದ ಹಳೆಯ ಹಾಳೆಯನ್ನು ಕಲ್ನಾರಿನದೆಂದೇ ಭಾವಿಸುವುದು ಕ್ಷೇಮ. ಅಡ್ಡಗೋಡೆಗೂ ಒಳಮಾಳಿಗೆಗೂ ಬಳಸುವ ಚಪ್ಪಟೆ ಹಲಗೆಗಳು ಇನ್ನೂ ಗೊಂದಲಕರ. ಕಾಗದದ ಹೊದಿಕೆಯ, ಸುಣ್ಣದ ಕಡ್ಡಿಯಂತೆ ಪುಡಿಯಾಗುವ ಜಿಪ್ಸಂ ಹಲಗೆ ಸುಲಭವಾಗಿ ತಿಳಿಯುತ್ತದೆ. ಬಣ್ಣ ಬಳಿದ ಸಿಮೆಂಟ್ ಹಲಗೆಯ ಒಡಲನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವೇ ಹೇಳಬೇಕು.

ಆದರೆ ಈ ಪರೀಕ್ಷೆಯ ಹೊಣೆಯನ್ನು ಕೊಳ್ಳುವವನ ತಲೆಗೆ ಕಟ್ಟುವುದು ನ್ಯಾಯವೇ ಎಂಬುದು ನನ್ನ ಮೂಲ ತಕರಾರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಿಳಿಯ ಕ್ರೈಸೋಟೈಲ್ ಸೇರಿದಂತೆ ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ. 60ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮ ಸರ್ಕಾರವೇ 1986ರಲ್ಲಿ ಹೊಸ ಗಣಿ ಗುತ್ತಿಗೆಗಳನ್ನು ನಿಲ್ಲಿಸಿತು. ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕಾಪಾಡಲು ಆದೇಶಿಸಿತು. ಆದರೂ ರಷ್ಯಾ ಮೊದಲಾದೆಡೆಗಳಿಂದ ಕಲ್ನಾರು ಆಮದಾಗುತ್ತಲೇ ಇದೆ. ಕಾರ್ಖಾನೆಯ ಕಲ್ನಾರಿನ ಕಸ 2016ರ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯ. ಕುಸಿದ ಮನೆಯ ಹಾಳೆ ಮಾತ್ರ ಊರಿನ ರಸ್ತೆಗೆ ಬೀಳುತ್ತದೆ.

ಇದು ಬಡವರ ಸೂರು ಎಂಬ ವಾದದಲ್ಲಿ ಹುರುಳಿದೆ. ಈ ಹಾಳೆ ಅಗ್ಗ, ತುಕ್ಕು ಹಿಡಿಯದು, ತಗಡಿಗಿಂತ ತಂಪು. ಆದರೆ 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿದ ಸರ್ಕಾರಕ್ಕೆ, ಕಲ್ನಾರಿಲ್ಲದ ಹಾಳೆಯ ಹೆಚ್ಚುವರಿ ಬೆಲೆಯನ್ನು ಪರಿಹಾರದಲ್ಲಿಯೇ ಸೇರಿಸುವುದು ಅಸಾಧ್ಯವೇನಲ್ಲ. ಅಂಗಡಿಯ ರಸೀದಿಯಲ್ಲಿ ಮಾನಕ ಸಂಖ್ಯೆ ನಮೂದಾಗಬೇಕು, ಹಾಳೆಯ ಮೇಲೆ ಎದ್ದು ಕಾಣುವ ಕನ್ನಡ ಅಕ್ಷರಗಳಲ್ಲಿ ‘ಕಲ್ನಾರು ಇದೆ’ ಎಂದಿರಬೇಕು. ಮುಂದಿನ ಮಳೆಗಾಲಕ್ಕೆ ಮುನ್ನ ಗ್ರಾಮ ಪಂಚಾಯಿತಿಗಳು ಒಡೆದ ಹಾಳೆಗೆಂದೇ ಒಂದು ಜಾಗ ಗೊತ್ತುಮಾಡಲಿ. ಚೂರುಗಳನ್ನು ನೀರು ಚಿಮುಕಿಸಿ ನೆನೆಸಿ, ಮತ್ತೆ ಮುರಿಯದೆ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲಿಗೆ ಸಾಗಿಸಬೇಕು, ಒಣಗಿದ್ದಾಗ ಗುಡಿಸಬಾರದು.